ಅರಿಶಿನ-ಕುಂಕುಮದ ಬಾವುಟ

ನವೆಂಬರ್ 1ರಂದು ದೇವಾಲಯದೊಳಗೆ ಸಕಲ ಸಂತರ ಹಬ್ಬ, ಹೊರಗೆ ಬೀದಿಯಲ್ಲಿ ಕನ್ನಡ ರಾಜ್ಯೋತ್ಸವ. ಬಲಿಪೂಜೆ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ ಮಗು ಹಳದಿ-ಕೆಂಪು ಬಾವುಟಕ್ಕಾಗಿ ಕೈಚಾಚುತ್ತದೆ. ನೀವು ಹಣ ಕೊಟ್ಟು ಕೊಳ್ಳುತ್ತೀರಿ. ಆದರೆ ಅದೇ ಮಗು, ಇದು ಯಾರ ಬಾವುಟ, ಈ ಎರಡು ಬಣ್ಣಗಳಿಗೆ ಅರ್ಥವೇನು ಎಂದು ಕೇಳಿದರೆ ನೀವು ಏನು ಹೇಳುವಿರಿ?

ರಾಷ್ಟ್ರಧ್ವಜದ ವಿಷಯದಲ್ಲಿ ಉತ್ತರ ಸುಲಭ. ಅದಕ್ಕೆ 1971ರ ಕಾನೂನಿನ ರಕ್ಷಣೆಯಿದೆ, 2002ರ ಧ್ವಜ ಸಂಹಿತೆಯಿದೆ. ಅದರ ಅಳತೆ, ಅದನ್ನು ಹಾರಿಸುವ ಕ್ರಮ, ಹರಿದಾಗ ಮರ್ಯಾದೆಯಿಂದ ವಿಸರ್ಜಿಸುವ ವಿಧಾನ ಎಲ್ಲವೂ ಬರೆದಿಟ್ಟದ್ದು. ಕನ್ನಡ ಬಾವುಟಕ್ಕೆ ಇಂಥ ಯಾವ ಬರವಣಿಗೆಯೂ ಇಲ್ಲ. ಅಷ್ಟೇಕೆ, ಅದು ರಾಜ್ಯದ ಅಧಿಕೃತ ಧ್ವಜವೇ ಅಲ್ಲ. 2017ರಲ್ಲಿ ರಾಜ್ಯ ಸರ್ಕಾರವು ಈ ಬಗ್ಗೆ ಸಮಿತಿಯೊಂದನ್ನು ನೇಮಿಸಿತು. 2018ರ ಮಾರ್ಚ್‌ನಲ್ಲಿ ಹಳದಿ, ಬಿಳಿ, ಕೆಂಪು ಪಟ್ಟಿಗಳ ನಡುವೆ ಗಂಡಭೇರುಂಡದ ರಾಜ್ಯ ಲಾಂಛನವಿರುವ ನಾಡಧ್ವಜಕ್ಕೆ ಸಚಿವ ಸಂಪುಟ ಒಪ್ಪಿಗೆ ನೀಡಿತು. ಕೇಂದ್ರದ ಅನುಮತಿ ದೊರೆಯದೆ ಆ ವಿಷಯ ಅಲ್ಲಿಗೇ ನಿಂತಿತು. ಅಂಗಡಿಯಲ್ಲಿ ಇಂದಿಗೂ ನಮ್ಮ ಕೈಗೆ ಸಿಗುವುದು ಹಳೆಯ ಎರಡು ಬಣ್ಣದ ಬಾವುಟವೇ. ಜನ ಅದನ್ನು ಯಾರ ಆಜ್ಞೆಗೂ ಕಾಯದೆ ತಮ್ಮದಾಗಿಸಿಕೊಂಡರು.

ಅದನ್ನು ರೂಪಿಸಿದವರು ಮ. ರಾಮಮೂರ್ತಿ. ಸ್ವಾತಂತ್ರ್ಯ ಹೋರಾಟಗಾರ ವೀರಕೇಸರಿ ಸೀತಾರಾಮ ಶಾಸ್ತ್ರಿಗಳ ಮಗ. ಪತ್ರಕರ್ತರು, ಪತ್ತೇದಾರಿ ಕಾದಂಬರಿಗಳನ್ನು ಬರೆದವರು. 1956ರಲ್ಲಿ ಕನ್ನಡ ಪ್ರದೇಶಗಳು ಒಂದಾಗಿದ್ದರೂ ನಾಡಿಗೆ ಇನ್ನೂ ಮೈಸೂರು ಎಂದೇ ಹೆಸರು. ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ, ಚಿತ್ರಮಂದಿರಗಳಲ್ಲಿ ತನ್ನ ಭಾಷೆಗೇ ಜಾಗ ಕೇಳಬೇಕಾದ ಸ್ಥಿತಿ ಕನ್ನಡಿಗನದಾಗಿತ್ತು. ಆ ಅರವತ್ತರ ದಶಕದ ನೋವಿನಿಂದ ಹುಟ್ಟಿದ್ದು ಈ ಬಾವುಟ. ಅದು ನಾಡಿನಾದ್ಯಂತ ಹಾರುವುದನ್ನು ಕಾಣುವ ಭಾಗ್ಯ ರಾಮಮೂರ್ತಿಯವರಿಗೆ ಇರಲಿಲ್ಲ. 1967ರಲ್ಲಿ ಬಾವಿ ತೋಡಿಸುತ್ತಿದ್ದಾಗ ಸಂಭವಿಸಿದ ದುರಂತದಲ್ಲಿ ಅವರೂ ಅವರ ಇಬ್ಬರು ಗಂಡುಮಕ್ಕಳೂ ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಹುಟ್ಟಿದ್ದು ನೋವಿನಿಂದಲಾದರೂ ಬಾವುಟ ಆರಿಸಿಕೊಂಡ ಬಣ್ಣಗಳು ಅರಿಶಿನ ಮತ್ತು ಕುಂಕುಮದವು. ಹಳದಿಯೆಂದರೆ ಶಾಂತಿ, ಕೆಂಪೆಂದರೆ ಕ್ರಾಂತಿ ಎಂದು ವಿವರಿಸುವವರೂ ಇದ್ದಾರೆ. ಅದು ವೇದಿಕೆಯ ಮಾತು. ಮನೆಮಾತಿನ ಅರ್ಥ ಬೇರೆ. ಅರಿಶಿನ-ಕುಂಕುಮ ಬಾಗಿಲಿಗೆ ಬಂದವರಿಗೆ ಕೊಡುವ ವಸ್ತು. ಬಂದವಳನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ನಡವಳಿಕೆ ಅದರಲ್ಲಿದೆ. ಹೀಗಿರುವಾಗ ಇದೇ ಬಾವುಟದ ಕೋಲನ್ನು ಹಿಡಿದು ಕೂಲಿಗೆ ಬಂದ ಪರಭಾಷಿಕನನ್ನು ಬೆದರಿಸಿದರೆ, ಅದು ಕನ್ನಡದ ಅಭಿಮಾನವೇ? ಅಂಗಡಿಯ ನಾಮಫಲಕದಲ್ಲಿ ಕನ್ನಡವಿರಲಿ ಎಂದು ಕೇಳುವುದು ನ್ಯಾಯ. ಆ ನ್ಯಾಯಕ್ಕಾಗಿ ಗಟ್ಟಿಯಾಗಿಯೇ ನಿಲ್ಲಬೇಕು. ನಾಡಿನಲ್ಲಿ ನೆಲೆಸಿದವನು ನಾಡಿನ ಭಾಷೆಯನ್ನು ಕಲಿಯಲಿ ಎಂಬ ನಿರೀಕ್ಷೆಯಲ್ಲೂ ತಪ್ಪಿಲ್ಲ. ಆದರೆ ಆ ಮನುಷ್ಯನನ್ನು ಹೀಯಾಳಿಸುವುದು ಬೇರೆಯೇ ಕೆಲಸ. ಅದಕ್ಕೆ ಈ ಬಣ್ಣಗಳ ಆಸರೆ ಸಿಗುವುದಿಲ್ಲ.

ಇನ್ನೊಂದು ಪ್ರಶ್ನೆ ನಮ್ಮ ಮನೆಗಳ ಒಳಗಿನದು. ಅರಿಶಿನ-ಕುಂಕುಮ ಹಿಂದೂ ಸಹೋದರರ ಆಚಾರವಲ್ಲವೇ, ಕ್ರೈಸ್ತರಾದ ನಮಗೆ ಆ ಬಾವುಟ ಹೇಗೆ ಸಲ್ಲುತ್ತದೆ ಎಂದು ಕೆಲವು ಹಿರಿಯರು ಸಂಕೋಚಪಡುವುದುಂಟು. ಸಂಕೋಚವನ್ನು ಹಗುರವಾಗಿ ಕಾಣಬೇಕಿಲ್ಲ. ಆದರೂ ಯೋಚಿಸಿ: ಅರಿಶಿನ ಮೊದಲು ಹೊಲದ ಬೆಳೆ, ಅಡುಗೆಮನೆಯ ಡಬ್ಬಿ, ಗಾಯಕ್ಕೆ ಹಚ್ಚುವ ಮದ್ದು. ಮದುವೆಯ ಮುನ್ನ ಅರಿಶಿನ ಹಚ್ಚುವ ವಾಡಿಕೆ ನಮ್ಮಲ್ಲಿಯೂ ಕೆಲವು ಕುಟುಂಬಗಳಲ್ಲಿ ಉಳಿದಿದೆ. ಸಂಕೇತವೊಂದು ಒಂದು ಮನೆಯಲ್ಲಿ ಹುಟ್ಟಿ ಊರಿನ ಸ್ವತ್ತಾಗಬಲ್ಲದು. ಕನ್ನಡಕ್ಕಾಗಿ ನಿಘಂಟು ಕಟ್ಟಿದ ಕಿಟೆಲ್ ಅವರ ಗ್ರಂಥ 1894ರಲ್ಲಿ ಅಚ್ಚಾಯಿತು; ಅದನ್ನು ಬಳಸಿದ ಕನ್ನಡಿಗರು, ಬರೆದವನು ಮಿಷನರಿಯೆಂದು ಬದಿಗಿಡಲಿಲ್ಲ. ನಾವೂ ಅಷ್ಟು ಧಾರಾಳಿಗಳಾಗಬಹುದು.

ನಿಜವಾಗಿ ನನ್ನನ್ನು ಕಾಡುವುದು ಇದಕ್ಕಿಂತ ಕಠಿಣವಾದ ಮಾತು. ಗಂಡ ತೀರಿಕೊಂಡ ಹೆಣ್ಣಿಗೆ ನಮ್ಮ ಸಮಾಜ ಈ ಎರಡನ್ನೂ ಬಹುಕಾಲ ನಿರಾಕರಿಸಿತು. ಶುಭಕಾರ್ಯದಲ್ಲಿ ಅವಳು ಹಿಂದಿನ ಸಾಲಿನಲ್ಲಿ ನಿಲ್ಲಬೇಕು. ಈ ವಿಷಯದಲ್ಲಿ ಕ್ರೈಸ್ತ ಮನೆಗಳು ಪೂರ್ಣವಾಗಿ ಮುಕ್ತವೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಹಾಗಾದರೆ ಅದೇ ಬಣ್ಣಗಳು ಎಲ್ಲರ ತಲೆಯ ಮೇಲೆ ಹಾರುವಾಗ ಅವಳಿಗೂ ಪಾಲು ಸಿಗಬೇಕಲ್ಲವೇ? ಮುಂದಿನ ರಾಜ್ಯೋತ್ಸವದಲ್ಲಿ ನಿಮ್ಮ ಧರ್ಮಕೇಂದ್ರದ ಅಂಗಳದಲ್ಲಿ ಹಗ್ಗ ಎಳೆಯಲು ಗಣ್ಯರನ್ನು ಹುಡುಕುವ ಬದಲು ಅಂಥ ತಾಯಿಯೊಬ್ಬರನ್ನು ಕರೆಯಿರಿ. ಊರಿಗೆ ಹೊಸದಾಗಿ ಬಂದು ಈಗಷ್ಟೇ ನಾಲ್ಕು ಕನ್ನಡ ಮಾತು ಕಲಿತವರೊಬ್ಬರನ್ನೂ ಅವರ ಪಕ್ಕದಲ್ಲಿ ನಿಲ್ಲಿಸಿ.

ಕೊಂಡ ಬಾವುಟದ ಗತಿಯನ್ನೂ ನೋಡಬೇಕು. ನವೆಂಬರ್ 2ರಂದು ಮೃತರ ಸ್ಮರಣೆಗಾಗಿ ನಾವು ಹೂವು, ಮೇಣದಬತ್ತಿ ಹಿಡಿದು ಸ್ಮಶಾನಕ್ಕೆ ಹೊರಡುವ ಹೊತ್ತಿಗೆ ಹಿಂದಿನ ದಿನದ ಪ್ಲಾಸ್ಟಿಕ್ ಬಾವುಟಗಳು ಚರಂಡಿಯ ಬಳಿ ಬಿದ್ದಿರುತ್ತವೆ. ಅದನ್ನು ತಡೆಯಲು ಧ್ವಜ ಸಂಹಿತೆಯಿಲ್ಲ. ಬಟ್ಟೆಯದನ್ನೇ ಕೊಳ್ಳಿ, ಒಂದೇ ಸಾಕು. ಸಂಜೆ ಇಳಿಸಿ, ಒಗೆದು, ಮಡಚಿ, ಮಗುವಿನ ಕೈಯಿಂದಲೇ ಪೆಟ್ಟಿಗೆಯಲ್ಲಿ ಇಡಿಸಿ. ಮಡಚುವಾಗ ಅದು ಮತ್ತೆ ಪ್ರಶ್ನೆ ಕೇಳುತ್ತದೆ. ಆಗ ರಾಮಮೂರ್ತಿಯವರ ಕಥೆ ಹೇಳಲು ನಿಮಗೆ ಬಿಡುವಿರುತ್ತದೆ.