ಮುದ್ರೆ ಒಡೆಯದ ಗಂಟು

ಅಮೆರಿಕದಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕೆ ಬಂದಾಗ ಮಾರುವವರು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತೊಂದಿದೆ: ಇದನ್ನು ಯಾರೂ ರಿಸ್ಟೋರ್ ಮಾಡಿಲ್ಲ. ನಮ್ಮ ಕಿವಿಗೆ ಅದು ಕೊರತೆಯ ಮಾತಿನಂತೆ ಕೇಳುತ್ತದೆ. ಹಳೆ ಮನೆ ಮಾರುವವರು ಮೊದಲು ಸುಣ್ಣಬಣ್ಣ ಹೊಡೆಸುತ್ತಾರೆ, ಹಳೆ ಸ್ಕೂಟರ್ ಮಾರುವವರು ತೊಳೆದು ಪಾಲಿಶ್ ಮಾಡಿಸುತ್ತಾರೆ. ಈ ಕಾರುಗಳ ಲೋಕದಲ್ಲಾದರೆ ಬಣ್ಣ ಮಾಸಿದ, ಸೀಟಿನ ಹೊಲಿಗೆ ಬಿಟ್ಟ, ಕ್ರೋಮ್ ಮೇಲೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಎದ್ದ ಗಾಡಿಯನ್ನು ಹಾಗೆಯೇ ತಂದು ನಿಲ್ಲಿಸುತ್ತಾರೆ. ಅದೇ ವರ್ಷದ, ಥಳಥಳ ಹೊಳೆಯುವ ಇನ್ನೊಂದು ಗಾಡಿಗಿಂತ ಅದಕ್ಕೆ ಹೆಚ್ಚು ಹಣ ಸಿಗುವುದೂ ಉಂಟು. ಇದನ್ನು ಸಿರಿವಂತರ ಖಯಾಲಿ ಎಂದು ತಳ್ಳಿಹಾಕಬಹುದು. ಆದರೆ ಆ ಖಯಾಲಿಯ ಅಡಿಯಲ್ಲಿ ಬಹಳ ಹಳೆಯ ಪ್ರಶ್ನೆಯೊಂದಿದೆ. ಕಾಲ ಮುಟ್ಟಿದ ವಸ್ತುವನ್ನು ಕೊಳ್ಳುವವನು ನಿಜವಾಗಿ ಕೊಳ್ಳುವುದು ಏನನ್ನು? ಕೊಂಡ ಮೇಲೆ ಅದನ್ನು ಹೊಸದಾಗಿಸುವ ಅಧಿಕಾರ ಅವನಿಗೆ ಬರುತ್ತದೆಯೇ? ಬರುವುದಿಲ್ಲ ಎಂದೇ ನನ್ನ ವಾದ. ಕೋರ್ಟು ಅವನನ್ನು ಒಡೆಯ ಎನ್ನಲಿ. ಧರ್ಮದ ಲೆಕ್ಕದಲ್ಲಿ ಅವನು ಇನ್ನೊಬ್ಬರ ಗಂಟನ್ನು ಕಾಯುವವನು.

ಮಾತು ಗಾಳಿಯಲ್ಲಿ ತೇಲಬಾರದು, ಒಂದು ಗಾಡಿಯ ಹತ್ತಿರ ಹೋಗಿ ನಿಲ್ಲೋಣ. 1953ರ ಷೆವರ್ಲೆ ಕಾರ್ವೆಟ್. ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ ಆ ವರ್ಷ ತಯಾರಾದದ್ದು 300 ಮಾತ್ರ; ಮೊದಲನೆಯದು ಹೊರಬಿದ್ದದ್ದು ಜೂನ್ 30ರಂದು. ಎಲ್ಲವೂ ಬಿಳಿ ಬಣ್ಣ, ಒಳಗೆ ಕೆಂಪು. ಮೈ ಉಕ್ಕಿನದಲ್ಲ, ಫೈಬರ್‌ಗ್ಲಾಸ್. ಆಗ ಕಾರ್ಖಾನೆಗಳಿಗೆ ಇನ್ನೂ ಪಳಗದ ವಸ್ತು. ಇಂಜಿನು ಆರು ಸಿಲಿಂಡರಿನದು, 150 ಅಶ್ವಶಕ್ತಿ, ಜೊತೆಗೆ ಎರಡೇ ಗೇರಿನ ಆಟೊಮ್ಯಾಟಿಕ್. ಈ ಕಾರಿನ ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ. ಏರಿಸಿ ಇಳಿಸುವ ಗಾಜೂ ಇಲ್ಲ, ಸಿಕ್ಕಿಸುವ ಪರದೆಯಷ್ಟೇ. ಬಾಗಿಲು ತೆರೆಯಬೇಕೆಂದರೆ ಮೇಲಿನಿಂದ ಕೈ ಒಳಗೆ ಇಳಿಬಿಟ್ಟು ಒಳಗಿನ ಗುಬುಟನ್ನು ತಡಕಬೇಕು. ಹೀಗಾಗಿ ಹೊಸತು ಮಾಡದ ಗಾಡಿಯಲ್ಲಿ ಬಾಗಿಲಿನ ಮೇಲಂಚು ನೋಡಿದರೆ ಅಲ್ಲಿ ಮುಂಗೈ ಸಾವಿರಾರು ಸಲ ಉಜ್ಜಿದ ಗುರುತು ಸಿಗುತ್ತದೆ. ಪಕ್ಕದ ಬಣ್ಣ ಬರೀ ಮಾಸಿದ್ದರೆ ಇಲ್ಲಿಯದು ಸವೆದಿರುತ್ತದೆ. ಫೈಬರ್‌ಗ್ಲಾಸ್ ಹಾಳೆಗಳು ಕೂಡುವ ಜಾಗದಲ್ಲಿ ಬೆರಳಾಡಿಸಿದರೆ ಸಣ್ಣ ಏರಿಳಿತ ತಾಗುತ್ತದೆ: ಹೊಸ ವಸ್ತುವಿನೊಡನೆ ಕೆಲಸಗಾರರು ಗುದ್ದಾಡಿದ ಕಥೆ ಅದು. ಇದೇ ಕಾರನ್ನು ರಿಸ್ಟೋರ್ ಮಾಡಿದವರು ಆ ಏರಿಳಿತವನ್ನು ಉಜ್ಜಿ ಸಮಮಾಡುತ್ತಾರೆ, ಲ್ಯಾಕರ್ ಇದ್ದಲ್ಲಿ ಇಂದಿನ ಗಟ್ಟಿ ಹೊಳಪಿನ ಪೇಂಟು ಹೊಡೆಯುತ್ತಾರೆ. ಫ್ಲಿಂಟಿನಿಂದ ಎಂದೂ ಹೊರಬಾರದಿದ್ದಷ್ಟು ಚೆಂದದ ಕಾರು ತಯಾರಾಗುತ್ತದೆ. ಚೆಂದವಾಗಿದೆ, ನಿಜ. ಆದರೆ 1953ರ ಬಗ್ಗೆ ಅದು ಹೇಳುವುದು ಸುಳ್ಳು.

ಇಲ್ಲಿ ತತ್ತ್ವಶಾಸ್ತ್ರ ಬಲ್ಲವರು ಒಂದು ಆಕ್ಷೇಪ ಎತ್ತುತ್ತಾರೆ, ಅದು ಗಟ್ಟಿಯಾದದ್ದೇ. ಬೌದ್ಧ ಗ್ರಂಥ 'ಮಿಲಿಂದಪಞ್ಹ'ದಲ್ಲಿ ಭಿಕ್ಷು ನಾಗಸೇನ ಯವನ ದೊರೆಯನ್ನು ಅವನ ರಥದ ನೆಪದಲ್ಲೇ ಹಿಡಿದು ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ, ಕೂಡಿದ ಭಾಗಗಳಿಗೆ ನಾವಿಟ್ಟ ಹೆಸರು ರಥ. ಗ್ರೀಕರಲ್ಲಿ ಪ್ಲುಟಾರ್ಕ್ ಹೇಳಿದ ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರು. 1655ರಲ್ಲಿ ಥಾಮಸ್ ಹಾಬ್ಸ್ ಅದಕ್ಕೊಂದು ತಿರುವು ಕೊಟ್ಟ: ತೆಗೆದೆಸೆದ ಹಳೆ ಹಲಗೆಗಳನ್ನೇ ಕೂಡಿಸಿ ಇನ್ನೊಂದು ಹಡಗು ಕಟ್ಟಿದರೆ ನಿಜವಾದದ್ದು ಯಾವುದು? ವಸ್ತುವಿಗೆ ಸ್ಥಿರವಾದ ತಿರುಳೇ ಇಲ್ಲದಿದ್ದ ಮೇಲೆ ಹಳೆ ಬಣ್ಣಕ್ಕೆ ಅಂಟಿಕೊಳ್ಳುವುದು ಮೋಹವಲ್ಲವೇ ಎಂಬುದು ಅವರ ಪ್ರಶ್ನೆ. ಕೋರ್ಟು ಕೂಡ ಅವರ ಕಡೆಗೇ ಇದ್ದಂತಿದೆ. ಇಂಗ್ಲೆಂಡಿನಲ್ಲಿ 1 ಕೋಟಿ ಪೌಂಡಿಗೆ ಮಾತಾಗಿದ್ದ 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ರೇಸ್ ಕಾರಿನ ವಿಷಯದಲ್ಲಿ, ಇದು 1929ರ ಲೆ ಮಾನ್ಸ್ ರೇಸ್ ಗೆದ್ದ ಆ ಕಾರೇ ಅಲ್ಲ ಎಂದು ಕೊಳ್ಳುವವರು ತಕರಾರು ತೆಗೆದರು. ಮೂಲದ ಭಾಗಗಳಲ್ಲಿ ಉಳಿದದ್ದು ತೀರಾ ಅಲ್ಪವಾಗಿತ್ತು. ಆದರೂ 1990ರಲ್ಲಿ ನ್ಯಾಯಾಲಯ, ಅದರ ಬದುಕು ಎಲ್ಲೂ ಕಡಿಯದೆ ಒಂದೇ ಎಳೆಯಾಗಿ ಸಾಗಿ ಬಂದಿದೆ, ಆದ್ದರಿಂದ ಇದು ಅದೇ ಕಾರು ಎಂದಿತು. ನಾಗಸೇನನೇ ಕೊಟ್ಟ ದೀಪದ ಉದಾಹರಣೆಯಂತೆ: ಮೊದಲ ಜಾವದ ಕುಡಿಯೂ ಕೊನೆಯ ಜಾವದ ಕುಡಿಯೂ ಒಂದೇ ಅಲ್ಲ, ಬೇರೆಯೂ ಅಲ್ಲ.

ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೊಸದಾಗಿಸಿದ ಕಾರು ಅದೇ ಕಾರು. ಅದರ ಗುರುತಿಗೆ ಧಕ್ಕೆಯಿಲ್ಲ. ಆದರೆ ಗುರುತು ಒಂದು, ಸಾಕ್ಷ್ಯ ಇನ್ನೊಂದು. ಕಣ್ಣಾರೆ ಕಂಡವನೊಬ್ಬ ನೆನಪು ಕಳೆದುಕೊಂಡರೆ ಅವನು ಬೇರೆ ಮನುಷ್ಯನಾಗುವುದಿಲ್ಲ. ಅದೇ ಹೆಸರು, ಅದೇ ಮನೆ, ಅದೇ ಮಕ್ಕಳು. ಆದರೆ ಸಾಕ್ಷಿಯ ಕಟಕಟೆಯಲ್ಲಿ ನಿಂತು ಹೇಳಲು ಅವನ ಬಳಿ ಏನೂ ಉಳಿದಿರುವುದಿಲ್ಲ. ಥೀಸಿಯಸ್‌ನ ಹಡಗಿನ ಒಗಟು ಶತಮಾನಗಳಿಂದ ನಮ್ಮನ್ನು ಗುರುತಿನ ಪ್ರಶ್ನೆಗೇ ಕಟ್ಟಿಹಾಕಿದೆ, ಈ ಎರಡನೆಯ ಪ್ರಶ್ನೆ ಅದರ ನೆರಳಿನಲ್ಲೇ ಉಳಿದುಬಿಟ್ಟಿದೆ. ಹಲಗೆ ಬದಲಿಸಿದ ಹಡಗು ಥೀಸಿಯಸ್‌ನದೇ ಇರಬಹುದು. ಆದರೆ ಆ ಕಾಲದ ಬಡಗಿಯ ಬಾಚಿ ಮರಕ್ಕೆ ಹೇಗೆ ಬಿತ್ತು ಎಂದು ತಿಳಿಯಬೇಕಾದವನು ಹಾಬ್ಸ್‌ನ ಎರಡನೆಯ ಹಡಗಿನ ಬಳಿಗೇ ಹೋಗಬೇಕು.

ಈ ಸಾಕ್ಷ್ಯ ಎಷ್ಟು ಸೂಕ್ಷ್ಮವಾದದ್ದು ಎಂಬುದು ರಿಸ್ಟೋರ್ ಮಾಡುವವರಿಗೇ ಚೆನ್ನಾಗಿ ಗೊತ್ತು. ಜೋಡಣೆಯ ಸಾಲಿನಲ್ಲಿ ಒಂದೊಂದು ಕೆಲಸ ಮುಗಿದಂತೆ ಯಾರೋ ಬಳಪದಿಂದ ಗೀಚಿದ ಗುರುತುಗಳು ಹಳೆ ಕಾರುಗಳ ಒಳಮೈಯಲ್ಲಿ ಸಿಗುತ್ತವೆ: ಒಂದು ಅಂಕಿ, ಒಂದು ಓರೆ ಗೆರೆ, ಬೋಲ್ಟು ಬಿಗಿದಾಯಿತೆಂದು ಬಳಿದ ಒಂದು ತೊಟ್ಟು ಬಣ್ಣ. ಸ್ಪರ್ಧೆಗೆ ನಿಲ್ಲಿಸುವ ಕಾರುಗಳಲ್ಲಿ ಇವನ್ನೂ ಇಂದು ನಕಲು ಮಾಡುತ್ತಾರೆ. ನಕಲಿಗೆ ಆಧಾರ ಯಾವುದು? ಯಾರೂ ಕೈ ಹಾಕದ ಇನ್ನೊಂದು ಕಾರು. ನೂರು ರಿಸ್ಟೋರ್ ಕಾರುಗಳ ನಿಜವೆಲ್ಲ ಒಂದು ಮಾಸಿದ ಕಾರಿನಿಂದ ಎರವಲು ತಂದದ್ದು. ಮೂಲ ಅಳಿದರೆ ನಕಲು ನಕಲನ್ನೇ ನೋಡಿಕೊಂಡು ಸಾಗುತ್ತದೆ, ಒಬ್ಬನ ತಪ್ಪು ಎಲ್ಲರ ಪರಂಪರೆಯಾಗುತ್ತದೆ. ಶಾಸನ ಓದುವವರಿಗೆ ಈ ಭಯ ಗೊತ್ತು. ಕಲ್ಲಿನಲ್ಲಿ ಅಕ್ಷರ ಸವೆದಿದ್ದರೆ ಅವರು ಅಚ್ಚಿನಲ್ಲಿ ಚುಕ್ಕಿಗಳನ್ನಿಟ್ಟು ಮುಂದೆ ಹೋಗುತ್ತಾರೆ. ಊಹಿಸಿದ ಅಕ್ಷರವನ್ನು ಉಳಿ ಹಿಡಿದು ಕಲ್ಲಿನ ಮೇಲೆ ಕೆತ್ತಲು ಹೋಗುವುದಿಲ್ಲ.

ಎರಡನೆಯ ಆಕ್ಷೇಪ ಧರ್ಮದ ಕಡೆಯಿಂದಲೇ ಬರುತ್ತದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಭಾರವಾದದ್ದು. ನಮ್ಮಲ್ಲಿ ಭಿನ್ನವಾದ ವಿಗ್ರಹಕ್ಕೆ ಪೂಜೆಯಿಲ್ಲ, ಅದನ್ನು ನೀರಿಗೆ ಬಿಡುತ್ತೇವೆ. ಗುಡಿ ಹಳತಾದರೆ ಆಗಮದ ಪ್ರಕಾರ ದೇವರ ಕಳೆಯನ್ನು ಆಕರ್ಷಿಸಿ ಬಾಲಾಲಯದಲ್ಲಿಟ್ಟು, ಜೀರ್ಣೋದ್ಧಾರ ಮುಗಿಸಿ ಮತ್ತೆ ಪ್ರತಿಷ್ಠೆ ಮಾಡುತ್ತೇವೆ. ಜಪಾನಿನ ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸ ಮರದಲ್ಲಿ ಹೊಸದಾಗಿಯೇ ಕಟ್ಟುತ್ತಾರೆ, 2013ರಲ್ಲೂ ಕಟ್ಟಿದರು. ಹಳತನ್ನು ಹಳತಾಗಿಯೇ ಪೂಜಿಸುವುದು ಪಶ್ಚಿಮದ ಮ್ಯೂಸಿಯಂ ಬುದ್ಧಿ, ನಮ್ಮದು ಹೊಸತಾಗುತ್ತಲೇ ಬಾಳುವ ಬುದ್ಧಿ ಎಂದು ಯಾರಾದರೂ ಹೇಳಿದರೆ ಅದರಲ್ಲಿ ನಿಜಾಂಶವಿದೆ. ಆದರೆ ವಿಗ್ರಹದ ವಿಷಯದಲ್ಲಿ ನಾವು ನಂಬುವುದೇನು? ಬಂದು ನೆಲೆಸುವ ಸಾನ್ನಿಧ್ಯ ಬೇರೆ, ನೆಲೆ ಬೇರೆ. ಆ ಸಾನ್ನಿಧ್ಯವನ್ನು ಒಂದು ನೆಲೆಯಿಂದ ಇನ್ನೊಂದಕ್ಕೆ ಸಾಗಿಸುವ ವಿಧಿಯೂ ಇದೆ. ಇಸೆಯಲ್ಲಿ ಉಳಿಯಬೇಕಾದದ್ದು ಬಡಗಿಯ ವಿದ್ಯೆ. ಅದು ಕೈಯಿಂದ ಕೈಗೆ ದಾಟುತ್ತದೆ. ಸವೆದ ಬಾಗಿಲಂಚಿನಲ್ಲಿರುವುದನ್ನು ಹಾಗೆ ಕಳಶಕ್ಕೆ ಆಕರ್ಷಿಸಿ ಮತ್ತೆ ತುಂಬುವ ವಿಧಿ ಯಾವ ಆಗಮದಲ್ಲೂ ಇಲ್ಲ. ಅದು ಅಲ್ಲಿಂದ ಹೋದರೆ ಹೋಯಿತು. ಜೀರ್ಣೋದ್ಧಾರದ ನ್ಯಾಯ ಪೂಜೆಗೆ ಸಲ್ಲುತ್ತದೆ, ಪುರಾವೆಗೆ ಸಲ್ಲುವುದಿಲ್ಲ. ಗುಡಿಯ ಗೋಪುರಕ್ಕೆ ಬಣ್ಣ ಹೊಡೆಸುವ ಭಕ್ತಿಯಲ್ಲಿ ಪಕ್ಕದ ಶಾಸನಕ್ಕೂ ಸುಣ್ಣ ಬಳಿದುಬಿಡುವ ನಮ್ಮ ಊರುಗಳ ಅನಾಹುತ ನಡೆಯುವುದು ಈ ಎರಡನ್ನು ಬೆರೆಸಿಬಿಡುವುದರಿಂದಲೇ.

ಇನ್ನು ಒಡೆತನದ ಮಾತು. ಹಣ ಕೊಟ್ಟಿದ್ದೇನೆ, ಕಾರು ನನ್ನದು, ಬೇಕಾದರೆ ಕೆಂಪು ಬಣ್ಣ ಹೊಡೆಸುತ್ತೇನೆ ಎನ್ನುವವನಿಗೆ ಏನು ಹೇಳುವುದು? ಅವನು ಕೊಟ್ಟ ಹಣ ಯಾವುದಕ್ಕೆ ಸಂದಿತು ಎಂದು ಮೊದಲು ನೋಡೋಣ. ಷೆಲ್ಬಿ ಡೇಟೋನಾ ಕೂಪೆ ಎಂಬ ರೇಸ್ ಕಾರುಗಳಲ್ಲಿ ತಯಾರಾದದ್ದು ಆರೇ ಆರು. ಮೊದಲನೆಯದು ಸಿಎಸ್‌ಎಕ್ಸ್ 2287. ಪೀಟರ್ ಬ್ರಾಕ್ ರೂಪಿಸಿದ ಅದರ ಅಲ್ಯೂಮಿನಿಯಂ ಮೈ ತಯಾರಾದದ್ದು ಕ್ಯಾಲಿಫೋರ್ನಿಯಾದಲ್ಲೇ, ಉಳಿದವಕ್ಕೆ ಇಟಲಿಯ ಮೊಡೆನಾದಲ್ಲಿ ಮೈ ಕಟ್ಟಿದರು. 1964ರಲ್ಲಿ ಅದು ಸೀಬ್ರಿಂಗ್‌ನಲ್ಲಿ ತನ್ನ ವರ್ಗ ಗೆದ್ದಿತು. ಅದೇ ವರ್ಷ ಲೆ ಮಾನ್ಸ್‌ನಲ್ಲಿ ಹೊರಗಿನ ಬ್ಯಾಟರಿಯಿಂದ ಇಂಜಿನು ಶುರುಮಾಡಿದರೆಂದು ಅನರ್ಹವಾಯಿತು. 1965ರಲ್ಲಿ ಬಾನವಿಲ್‌ನ ಉಪ್ಪಿನ ಬಯಲಿನಲ್ಲಿ ವೇಗದ ದಾಖಲೆಗಳನ್ನು ಬರೆಯಿತು. ಆಮೇಲೆ ಕೈ ಬದಲಾಗಿ, ದಶಕಗಳ ಕಾಲ ಕ್ಯಾಲಿಫೋರ್ನಿಯಾದ ಗೋದಾಮೊಂದರಲ್ಲಿ ಮುಚ್ಚಿಕೊಂಡು ನಿಂತಿತ್ತು. ಹೊರಬಂದಾಗ ಸುಮಾರು 40 ಲಕ್ಷ ಡಾಲರಿಗೆ ಮಾರಾಟವಾಯಿತೆಂದು ವರದಿಯಾಯಿತು. ಒಡೆತನಕ್ಕಾಗಿ ಕೋರ್ಟಿನಲ್ಲಿ ಜಗಳವೂ ನಡೆಯಿತು. ಕೊನೆಗೆ ಅದು ಸೇರಿದ್ದು ಫಿಲಡೆಲ್ಫಿಯಾದ ನರಶಸ್ತ್ರವೈದ್ಯ ಫ್ರೆಡ್ ಸಿಮಿಯೋನ್ ಅವರ ಸಂಗ್ರಹಕ್ಕೆ. ಅವರು ಅದನ್ನು ಹೊಸದಾಗಿಸಲಿಲ್ಲ. 2014ರಲ್ಲಿ ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ದಾಖಲೆಗೆ ಸೇರಿದ ಮೊಟ್ಟಮೊದಲ ಕಾರು ಅದೇ. ಆ ಬೆಲೆಯಲ್ಲಿ ಒಂದು ಪಾಲು ಗೆಲುವುಗಳಿಗೆ ಸಂದಿರಬಹುದು. ಆದರೆ ಹೊಸತು ಮಾಡಿಲ್ಲವೆಂಬ ಕಾರಣಕ್ಕೆ ಯಾವುದೇ ಕಾರಿಗೆ ಸೇರುವ ಹೆಚ್ಚಿನ ಬೆಲೆ ಯಾರ ದುಡಿಮೆ? ಹಿಂದಿನವರು ಏನೂ ಮಾಡದೆ ಬಿಟ್ಟದ್ದರ ದುಡಿಮೆ. ಅರಿತೋ ಅರಿಯದೆಯೋ ಪ್ರತಿ ಒಡೆಯನೂ ತೋರಿದ ಸಂಯಮ ಬಡ್ಡಿ ಸೇರಿ ಬೆಳೆದು ಈ ಬೆಲೆಯಾಗಿದೆ. ಇತರರ ಸಂಯಮವನ್ನು ಕೊಂಡವನು, ಅದನ್ನು ಮುರಿಯುವ ಹಕ್ಕನ್ನೂ ಕೊಂಡೆ ಎನ್ನುವುದು ಹೇಗೆ?

ಇಂಥ ಸಂಬಂಧಕ್ಕೆ ನಮ್ಮ ಧರ್ಮಶಾಸ್ತ್ರದಲ್ಲಿ ಒಂದು ಹೆಸರಿದೆ: ಉಪನಿಧಿ. ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಬರೆದ 'ಮಿತಾಕ್ಷರ'ವು ವ್ಯಾಖ್ಯಾನಿಸುವ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಅದಕ್ಕೊಂದು ಪ್ರಕರಣವೇ ಇದೆ. ಒಳಗೇನಿದೆ ಎಂದು ಹೇಳದೆ, ಯಾವುದಾದರೂ ಪಾತ್ರೆಯಲ್ಲೋ ಪೆಟ್ಟಿಗೆಯಲ್ಲೋ ಇಟ್ಟು, ಮುದ್ರೆ ಹಾಕಿ ಇನ್ನೊಬ್ಬನ ಕೈಗೆ ಒಪ್ಪಿಸಿದ ಗಂಟು ಉಪನಿಧಿ. ಕೊಟ್ಟದ್ದನ್ನು ಹೇಗಿತ್ತೋ ಹಾಗೆಯೇ ಹಿಂದಿರುಗಿಸಬೇಕು. ರಾಜ, ದೈವ, ಕಳ್ಳರಿಂದ ನಷ್ಟವಾದರೆ ಕಾಯುವವನು ಹೊಣೆಯಲ್ಲ. ತನ್ನಿಷ್ಟಕ್ಕೆ ಅದರಿಂದ ಲಾಭ ಮಾಡಿಕೊಂಡರೆ ದಂಡ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆ 'ಒಳಗೇನಿದೆ ಎಂದು ಹೇಳದೆ' ಎಂಬ ಅಂಶ. ಹಳೆ ಕಾರಿನ ಮೈಯಲ್ಲಿ ಏನೇನು ಬರೆದಿದೆ ಎಂದು ಅದನ್ನು ಕಾಯುವವನಿಗೂ ಗೊತ್ತಿಲ್ಲ. ಬಣ್ಣದ ಪದರ, ರಾಳದ ಮಿಶ್ರಣ, ಬೆಸುಗೆಯ ಕ್ರಮ ಇವನ್ನೆಲ್ಲ ಓದುವ ಉಪಕರಣಗಳು ಇನ್ನೂ ಬರಬೇಕಾಗಿರಬಹುದು. ಮುಖ್ಯವಲ್ಲವೆಂದು ಇವತ್ತು ಉಜ್ಜಿ ತೆಗೆದದ್ದೇ ನಾಳೆ ಏಕೈಕ ಪುರಾವೆ ಆಗಿರಬಹುದು. ಇಟ್ಟವರು ಯಾರು, ಕೇಳಲು ಬರುವವರು ಯಾರು ಎಂದರೆ ಇಟ್ಟವರು ಫ್ಲಿಂಟಿನ, ಕ್ಯಾಲಿಫೋರ್ನಿಯಾದ ಹೆಸರಿಲ್ಲದ ಕೆಲಸಗಾರರು. ಕೇಳುವವರು ಇನ್ನೂ ಹುಟ್ಟಿಲ್ಲ. ಸತ್ತವರೂ ಹುಟ್ಟದವರೂ ಕೋರ್ಟಿಗೆ ಬರಲಾರರು ಎಂಬುದರಿಂದ ಋಣ ತೀರುವುದಿಲ್ಲ. ಪಿತೃಋಣವೆಂಬ ಮಾತನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ತುಕ್ಕು ತಿನ್ನಲು ಬಿಡಬೇಕೆ? ಖಂಡಿತ ಇಲ್ಲ. ಗೆದ್ದಲು ಹತ್ತಿದ ಪೆಟ್ಟಿಗೆಗೆ ಔಷಧ ಹಾಕಿದರೆ ಮುದ್ರೆ ಒಡೆದಂತಾಗುವುದಿಲ್ಲ. ಟೈರು, ಬ್ರೇಕಿನ ಎಣ್ಣೆ, ರಬ್ಬರಿನ ಪೈಪು ಇವು ಯಾವ ಕಾರಿನಲ್ಲೂ ಸವೆದು ಬದಲಾಗಲೆಂದೇ ಇರುವಂಥವು. ತುಕ್ಕನ್ನು ಇದ್ದಲ್ಲಿಯೇ ತಡೆದು ನಿಲ್ಲಿಸಬಹುದು. ಓಡಲು ಹುಟ್ಟಿದ್ದನ್ನು ನಿಲ್ಲಿಸಿಡುವುದು ಕ್ರೌರ್ಯ ಎನ್ನುವವರಿಗೆ ಸಿಮಿಯೋನ್ ಮ್ಯೂಸಿಯಂ ಉತ್ತರ ಕೊಟ್ಟಿದೆ: ಅಲ್ಲಿ ನಿಗದಿಯಾದ ದಿನಗಳಲ್ಲಿ ಕಾರುಗಳನ್ನು ಹೊರತಂದು ಜನರೆದುರು ಓಡಿಸುತ್ತಾರೆ. ಇನ್ನೊಂದು ಕೇಡು ಇದಕ್ಕಿಂತ ಕೆಟ್ಟದ್ದು. ಹಳತಕ್ಕೆ ಬೆಲೆ ಬಂದ ಮೇಲೆ ಉಪ್ಪುನೀರು, ಆಮ್ಲ ಹಾಕಿ ಹೊಸ ತಗಡಿಗೆ ಹಳೆ ತುಕ್ಕು ಹಿಡಿಸುವವರು ಹುಟ್ಟಿಕೊಂಡಿದ್ದಾರೆ. ರಿಸ್ಟೋರ್ ಮಾಡಿದವನು ಸಾಕ್ಷಿಯ ಬಾಯಿ ಮುಚ್ಚಿಸಿದ್ದಾನೆ, ಅಷ್ಟೆ. ಇವನು ಸುಳ್ಳುಸಾಕ್ಷಿ ಹೇಳಿಸುತ್ತಿದ್ದಾನೆ.

ನಿಜಕ್ಕೂ ಕಷ್ಟವಾದದ್ದು ನಡುವಿನ ಪದರಗಳ ಪ್ರಶ್ನೆ. ಕಾರ್ವೆಟ್‌ನ ಎರಡನೆಯ ಒಡೆಯ 1960ರ ಸುಮಾರಿಗೆ ಬಾಗಿಲಿಗೆ ತನಗೆ ತೋಚಿದ ಬಿಳಿ ಬಣ್ಣ ಹೊಡೆಸಿದ್ದಾನೆ ಎಂದಿಟ್ಟುಕೊಳ್ಳೋಣ. ಅದನ್ನು ಕೆರೆದು ಅಡಿಯಲ್ಲಿರುವ ಫ್ಲಿಂಟಿನ ಬಿಳಿಯನ್ನು ಹೊರಗೆ ತರಬೇಕೆ? 1964ರ ವೆನಿಸ್ ಸನ್ನದು ಹಳೆ ಕಟ್ಟಡಗಳ ವಿಷಯದಲ್ಲಿ, ಎಲ್ಲ ಕಾಲಘಟ್ಟಗಳ ಅರ್ಹ ಸೇರ್ಪಡೆಗಳನ್ನೂ ಗೌರವಿಸಿ ಎಂದಿತು. ವಾಹನಗಳಿಗಾಗಿ ಅದೇ ದಾರಿಯಲ್ಲಿ ಬರೆದದ್ದು ಟ್ಯೂರಿನ್ ಸನ್ನದು. ನಾನು ಕೆರೆಯುವುದು ಬೇಡ ಎನ್ನುತ್ತೇನೆ. ಫ್ಲಿಂಟಿನ ಕೆಲಸಗಾರನ ಕೈಯಂತೆ ಆ ಎರಡನೆಯ ಒಡೆಯನ ಕೈಯೂ ಆ ಬಾಗಿಲಿನ ಮೇಲಿದೆ. ಅವನೂ ಮೇಲಿನಿಂದ ಕೈ ಇಳಿಬಿಟ್ಟೇ ಗುಬುಟು ತಡಕಿದ್ದಾನೆ, ಅವನ ಬಿಳಿಯೂ ಅದೇ ಅಂಚಿನಲ್ಲಿ ಸವೆದು ಅಡಿಯ ಬಿಳಿ ಒಂದು ಬೆರಳಗಲ ಇಣುಕುತ್ತಿದೆ.