ಇಂದಿನ ಧಮ್ಮ ಚಿಂತನೆ: ಒಂದೇ ಅಳತೆಯ ವೃತ್ತಗಳು




ನಾನು ಕನ್ನಡ ಮೇಷ್ಟ್ರು. ಮೊನ್ನೆ ಸಮಾಜ ವಿಜ್ಞಾನದ ಮೇಷ್ಟ್ರು ರಜೆಯಲ್ಲಿದ್ದುದರಿಂದ ಅವರ ತರಗತಿಗೆ ನಾನು ಹೋದೆ. ಗೋಡೆಯ ನಕ್ಷೆ ನೋಡಿ ಒಬ್ಬ ಹುಡುಗಿ ಕೇಳಿದಳು: "ಸಾರ್, ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾ?"

ಅಲ್ಲ. ಆಫ್ರಿಕಾ ಅದರ ಸುಮಾರು 14 ಪಟ್ಟು. ನಮ್ಮ ಭಾರತವೇ ಅದರ ಒಂದೂವರೆ ಪಟ್ಟು! ಆ ನಕ್ಷೆ 1569ರಲ್ಲಿ ಮರ್ಕೇಟರ್ ನಾವಿಕರಿಗಾಗಿ ರೂಪಿಸಿದ ಮಾದರಿ. ದಿಕ್ಕು ಸರಿಯಿರುತ್ತದೆ, ಗಾತ್ರ ತಪ್ಪುತ್ತದೆ.

ಕಂಪ್ಯೂಟರಿನಲ್ಲಿ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ತೆರೆದೆ. 19ನೇ ಶತಮಾನದ ಫ್ರೆಂಚ್ ಗಣಿತಜ್ಞ ಟಿಸ್ಸೋ ಒಂದು ಉಪಾಯ ಹೇಳಿದ್ದಾನೆ: ಗೋಳದ ಮೇಲೆ ಎಲ್ಲೆಡೆ ಒಂದೇ ಅಳತೆಯ ಪುಟ್ಟ ವೃತ್ತಗಳನ್ನಿಟ್ಟು, ನಕ್ಷೆಯಲ್ಲಿ ಅವು ಏನಾಗುತ್ತವೆ ನೋಡಿ. ಭೂಮಧ್ಯರೇಖೆಯಲ್ಲಿ ಚಿಕ್ಕದಾಗಿದ್ದ ವೃತ್ತ 60 ಡಿಗ್ರಿ ಅಕ್ಷಾಂಶದಲ್ಲಿ ನಾಲ್ಕು ಪಟ್ಟು ವಿಸ್ತೀರ್ಣಕ್ಕೆ ಊದಿಕೊಂಡಿತ್ತು. ಸಮವಿಸ್ತೀರ್ಣದ ನಕ್ಷೆಗೆ ಬದಲಾಯಿಸಿದೆ. ವಿಸ್ತೀರ್ಣ ಸಮವಾಯಿತು, ಆದರೆ ವೃತ್ತಗಳು ಚಪ್ಪಟೆಯಾದವು. ಗೋಳವನ್ನು ಹಾಳೆಗಿಳಿಸಿದರೆ ಏನಾದರೊಂದು ವಿರೂಪ ಇದ್ದೇ ಇರುತ್ತದೆ.

ಅಂಗುತ್ತರ ನಿಕಾಯದಲ್ಲಿ ಭಗವಾನರು ಇದನ್ನೇ *ವಿಪಲ್ಲಾಸ* ಎಂದರು: ಅನಿತ್ಯವನ್ನು ನಿತ್ಯವೆಂದು, ದುಃಖವನ್ನು ಸುಖವೆಂದು ಕಾಣುವ ತಿರುಚು. ಅದು ಗ್ರಹಿಕೆಯಲ್ಲಿ, ಚಿತ್ತದಲ್ಲಿ, ದೃಷ್ಟಿಯಲ್ಲಿ ಕೂತಿರುತ್ತದೆ.

ಜಾತಿಯೂ ಒಂದು ನಕ್ಷೆ. ಒಬ್ಬರನ್ನು ಊದಿಸಿ, ನಮ್ಮನ್ನು ಚುಕ್ಕೆ ಮಾಡಿತು. ಆದರೆ ಮರ್ಕೇಟರನ ವಿರೂಪ ಗಣಿತದ ಅನಿವಾರ್ಯತೆ. ಜಾತಿಯದು ಮನುಷ್ಯರು ಬೇಕೆಂದೇ ಮಾಡಿದ್ದು. ಅದಕ್ಕೇ ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಆ ನಕ್ಷೆಯನ್ನೇ ಕೈಬಿಟ್ಟರು.

ಹೊಸ ನಕ್ಷೆ ಹಿಡಿದ ನಾವು ಸರಿಯಾಗಿ ಕಾಣುತ್ತಿದ್ದೇವೆಯೇ? ಕಳೆದ ಭಾನುವಾರ ನಮ್ಮ ಓದಿನ ಕೂಟದಲ್ಲಿ ಗಂಡಸರೇ ಮಾತಾಡಿದೆವು. ನನ್ನ ಹೆಂಡತಿ ಏನೋ ಹೇಳಲು ಹೊರಟಾಗ "ಆಮೇಲೆ ಹೇಳು" ಎಂದೆ. ರಾತ್ರಿ ಪಾತ್ರೆ ತೊಳೆಯುತ್ತಾ ಕೇಳಿದಳು: "ಆ ಆಮೇಲೆ ಯಾವಾಗ?" ಉತ್ತರ ಹೊಳೆಯಲಿಲ್ಲ. ಹಿಂದೂ ಕೋಡ್ ಬಿಲ್ ನೆನೆಗುದಿಗೆ ಬಿದ್ದದ್ದನ್ನು ಸಹಿಸದೆ 1951ರಲ್ಲಿ ಮಂತ್ರಿ ಪದವಿ ಬಿಟ್ಟವರ ಚಿತ್ರ ನಮ್ಮ ಗೋಡೆಯ ಮೇಲೇ ಇತ್ತು.

ಸಮ್ಯಕ್ ದೃಷ್ಟಿ ಎಂದರೆ ನನ್ನ ನಕ್ಷೆಯಲ್ಲಿ ತಪ್ಪೇ ಇಲ್ಲ ಎನ್ನುವುದಲ್ಲ. ತಪ್ಪು ಎಲ್ಲಿದೆ ಎಂದು ವೃತ್ತವಿಟ್ಟು ನೋಡುವುದು.

*ಇಂದಿನ ಅಭ್ಯಾಸ:* ಮನೆಯಲ್ಲಿ, ಕೂಟದಲ್ಲಿ ಎಲ್ಲರ ಮೇಲೂ ಒಂದೇ ಅಳತೆಯ ವೃತ್ತವಿಡಿ. ಯಾರದು ಕುಗ್ಗಿದೆ ನೋಡಿ. ಈ ಭಾನುವಾರ ಮೊದಲ ಮಾತು ಅವರದಾಗಲಿ.

ಸಕಲ ಜೀವಿಗಳಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🙏