ಕಾಗದ ಇಲ್ಲದವನು ಕಳ್ಳನೇ?

ಕದ್ದನೆಂದು ಹಿಡಿದರೆ ಸರ್ಕಾರವೇ ಸಾಬೀತು ಮಾಡಬೇಕು. ವಿದೇಶಿಯೆಂದು ಹಿಡಿದರೆ ಮಾತ್ರ, ಅಲ್ಲವೆಂದು ತೋರಿಸುವ ಹೊರೆ ಸಿಕ್ಕಿಬಿದ್ದವನ ತಲೆ ಮೇಲೆ. 1946ರ ವಿದೇಶಿಯರ ಕಾಯ್ದೆ ಹೊರಿಸಿದ್ದನ್ನು 2025ರ ಹೊಸ ಕಾಯ್ದೆಯೂ ಇಳಿಸಲಿಲ್ಲ. ಇದ್ಯಾವ ನ್ಯಾಯ, ಗೆಳೆಯರೇ?

ಈ ಹೊರೆ ನಮಗೆ ಹೊಸದಲ್ಲ. ಯಾಣದ ಕಾಡಂಚಿನ ಬಡವ ಬುಡಕಟ್ಟಿನವನಲ್ಲದಿದ್ದರೆ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಮೂರು ತಲೆಮಾರಿನ, 75 ವರ್ಷದ ವಾಸಕ್ಕೆ ಪುರಾವೆ ಕೊಡಬೇಕು. ಅಕ್ಷರ ಕೊಡದವರೇ ಕಾಗದ ಕೇಳ್ತಾರೆ, ಎಲ್ಲಿಂದ ತರೋದು? ಅಲ್ಲಿ ಹೋಗುವುದು ಭೂಮಿ, ಇಲ್ಲಿ ಮನುಷ್ಯನೇ ಬಂದಿ.

ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕಟ್ಟಡವನ್ನೇ 2019ರಲ್ಲಿ ವಿದೇಶಿಯರನ್ನು ಕೂಡಿಹಾಕಲು ಸಜ್ಜುಮಾಡಿದರು. ಅಂಥ ಹಾಸ್ಟೆಲ್ಲುಗಳ ಅನ್ನ ಉಂಡವರು ನಾವು. ಹುಟ್ಟನ್ನೇ ಅಪರಾಧ ಮಾಡಿದ್ದನ್ನು ಕಂಡವರು. ಗಡಿ ದಾಟಿದ್ದಕ್ಕೆ ವಿಚಾರಣೆ ನಡೆಯಲಿ. ಬರಿಗೈಯೇ ಪುರಾವೆ ಆಗಬಾರದು.